ಕುಲುಮೆಯಲ್ಲೇ ತೀರ್ಮಾನವಾಗುವ ವಿಕಿರಣ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಬಂಡೆ ಕಾಣದ ಊರು ಅಪರೂಪ. ಈ ಬಂಡೆಗಳಿಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ರಾಮನಗರ ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. ಊರಿನ ಹೆಸರು ಬದಲಾಯಿತು, ಬಂಡೆಯ ಹೆಸರು ಮಾತ್ರ ಪ್ರಪಂಚದ ಭೂವಿಜ್ಞಾನದ ಪುಸ್ತಕಗಳಲ್ಲಿ ಹಾಗೇ ಉಳಿದುಬಿಟ್ಟಿತು. ಈ ಬಂಡೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದು ಗೊತ್ತಾದದ್ದೂ ವಿಕಿರಣದ ದೆಸೆಯಿಂದಲೇ. ಬಂಡೆಯೊಳಗಿನ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಕ್ಷಯಿಸುತ್ತಾ ಸೀಸವಾಗಿದೆ. ಎರಡರ ಪ್ರಮಾಣ ಅಳೆದರೆ ಕಳೆದ ಕಾಲದ ಲೆಕ್ಕ ಸಿಗುತ್ತದೆ. ಯುರೇನಿಯಂ ಜೊತೆಗೆ ಥೋರಿಯಂ ಇದೆ, 125 ಕೋಟಿ ವರ್ಷ ಅರ್ಧಾಯುವಿನ ಪೊಟ್ಯಾಸಿಯಂ-40 ಇದೆ. ಕಲ್ಲುಚಪ್ಪಡಿಯ ಮನೆಯಲ್ಲಿ ಹುಟ್ಟಿ ಬೆಳೆದವರ ಮೈಮೇಲೆ ಈ ವಿಕಿರಣ ಸಣ್ಣ ಪ್ರಮಾಣದಲ್ಲಿ ದಿನವೂ ಬೀಳುತ್ತಲೇ ಇರುತ್ತದೆ.

ಇದನ್ನು ಯಾರೂ ಆರಿಸಿಕೊಂಡದ್ದಲ್ಲ. ಭೂಮಿ ಕೊಟ್ಟದ್ದು.

ಬೈಜಿಕ ಸಮ್ಮಿಲನದ ಸ್ಥಾವರ ಕಟ್ಟಲು ಹೊರಟವರಿಗೆ ಮಾತ್ರ ಆಯ್ಕೆಯ ಅವಕಾಶ ಇದೆ, ಅದೂ ಸಾಕಷ್ಟು ದೊಡ್ಡ ಅವಕಾಶ. ಅಲ್ಲಿ ಎಷ್ಟು ವಿಕಿರಣ ಹುಟ್ಟಬೇಕು, ಎಷ್ಟು ಕಾಲ ಉಳಿಯಬೇಕು ಎಂಬುದರ ಬಹುಪಾಲು ಸ್ಥಾವರಕ್ಕೆ ಬೆಂಕಿ ಹೊತ್ತಿಸುವ ಮೊದಲೇ, ಉಕ್ಕು ಕರಗಿಸುವ ಕುಲುಮೆಯ ಮುಂದೆ ತೀರ್ಮಾನವಾಗಿರುತ್ತದೆ. ಈ ಉಪನ್ಯಾಸ ಆ ತೀರ್ಮಾನಗಳ ಕುರಿತದ್ದು.

ಕೈಗಾದ ಪರಮಾಣು ಸ್ಥಾವರದಲ್ಲಿ ನಡೆಯುವುದು ವಿದಳನ. ಯುರೇನಿಯಂ ಒಡೆಯುತ್ತದೆ, ಒಡೆದ ಚೂರುಗಳೇ ಸೀಸಿಯಂ, ಸ್ಟ್ರಾನ್ಷಿಯಂ ಮೊದಲಾದ ವಿಕಿರಣಶೀಲ ಧಾತುಗಳು. ಅಲ್ಲಿ ಕಸ ಹುಟ್ಟುವುದು ಇಂಧನದ ಹೊಟ್ಟೆಯೊಳಗೆ, ಅದನ್ನು ತಪ್ಪಿಸುವ ದಾರಿ ಇಲ್ಲ. ಸಮ್ಮಿಲನದಲ್ಲಿ ಹೈಡ್ರೋಜನ್ನಿನ ಭಾರವಾದ ಎರಡು ಐಸೊಟೋಪುಗಳು, ಡ್ಯುಟೀರಿಯಂ ಮತ್ತು ಟ್ರಿಷಿಯಂ, ಸುಮಾರು 15 ಕೋಟಿ ಡಿಗ್ರಿ ಕಾವಿನಲ್ಲಿ ಕೂಡುತ್ತವೆ. ಉಳಿಯುವ ಬೂದಿ ಹೀಲಿಯಂ, ಬಲೂನಿಗೆ ತುಂಬುವ ನಿರಪಾಯ ಅನಿಲ. ಪ್ರತಿ ಕೂಡುವಿಕೆಯಲ್ಲೂ 17.6 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ, ಅದರಲ್ಲಿ 14.1 ದಶಲಕ್ಷವನ್ನು ಹೊತ್ತು ಒಂದು ನ್ಯೂಟ್ರಾನ್ ಹೊರಗೆ ಹಾರುತ್ತದೆ. ಅದಕ್ಕೆ ವಿದ್ಯುದಾವೇಶವಿಲ್ಲ, ಹಾಗಾಗಿ ಯಾವ ಕಾಂತಕ್ಷೇತ್ರವೂ ಅದನ್ನು ಹಿಡಿದು ನಿಲ್ಲಿಸಲಾರದು. ನೇರ ಗೋಡೆಗೆ ನುಗ್ಗುತ್ತದೆ, ಗೋಡೆಯ ಪರಮಾಣುಗಳನ್ನೇ ಬೇರೆ ಧಾತುಗಳಾಗಿ ಬದಲಿಸುತ್ತದೆ. ಗೋಡೆ ವಿಕಿರಣಶೀಲವಾಗುವುದು ಹೀಗೆ. ಯಾವ ಗೋಡೆ, ಯಾವ ಲೋಹ, ಆ ಲೋಹದಲ್ಲಿ ಯಾವ ಬೆರಕೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಮೊದಲು ಟ್ರಿಷಿಯಂ ಮಾತು, ಏಕೆಂದರೆ ಕರ್ನಾಟಕಕ್ಕೆ ಅದರ ಅನುಭವ ಇದೆ. 2009ರ ನವೆಂಬರಿನಲ್ಲಿ ಉತ್ತರ ಕನ್ನಡದ ಕೈಗಾ ಸ್ಥಾವರದ ಕೆಲವು ನೌಕರರ ಮೂತ್ರಪರೀಕ್ಷೆಯಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಟ್ರಿಷಿಯಂ ಕಂಡಿತು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕುಡಿಯುವ ನೀರಿನ ಕೂಲರ್. ಟ್ರಿಷಿಯಂ ಬೆರೆತ ಭಾರಜಲವನ್ನು ಯಾರೋ ಬೇಕೆಂದೇ ಅದರೊಳಗೆ ಸೇರಿಸಿದ್ದರು. 50ಕ್ಕೂ ಹೆಚ್ಚು ಮಂದಿಯ ದೇಹ ಸೇರಿತ್ತು ಅದು. ಭಾರಜಲ ಬಳಸುವ ರಿಯಾಕ್ಟರುಗಳಲ್ಲಿ ಆ ನೀರಿನ ಡ್ಯುಟೀರಿಯಂ ನ್ಯೂಟ್ರಾನನ್ನು ನುಂಗಿ ಟ್ರಿಷಿಯಂ ಆಗುವುದು ದಿನದ ಸಂಗತಿ. ಆದ್ದರಿಂದಲೇ ಅಲ್ಲಿ ನೌಕರರ ಮೂತ್ರಪರೀಕ್ಷೆ ನಿಯಮಿತವಾಗಿ ನಡೆಯುತ್ತದೆ, ವಿಷಯ ಬೇಗ ಬಯಲಾದದ್ದೂ ಅದರಿಂದಲೇ.

ಈ ಪ್ರಸಂಗ ಟ್ರಿಷಿಯಂ ಗುಣವನ್ನು ಚೆನ್ನಾಗಿ ತೋರಿಸುತ್ತದೆ. ಅದು ಹೊರಸೂಸುವ ಬೀಟಾ ಕಣ ತೀರಾ ದುರ್ಬಲ, ಚರ್ಮವನ್ನೂ ದಾಟದು. ದೇಹದ ಹೊರಗಿದ್ದಷ್ಟು ಹೊತ್ತು ಅಂಜಬೇಕಾದ್ದಿಲ್ಲ. ನೀರಾಗಿ ಒಳಗೆ ಹೋದರೆ ಮಾತು ಬೇರೆ: ಮಾಮೂಲಿ ನೀರಿನಂತೆಯೇ ಮೈಯೆಲ್ಲ ಹರಡುತ್ತದೆ. ಅನಿಲ ರೂಪದ ಟ್ರಿಷಿಯಂ ಉಸಿರಾಡಿದ್ದಕ್ಕಿಂತ ನೀರಿನ ರೂಪದ್ದು ಒಳಸೇರಿದರೆ ಅಪಾಯ ಸುಮಾರು 10,000 ಪಟ್ಟು. ಅದೃಷ್ಟಕ್ಕೆ ದೇಹ ಅದನ್ನು ಬೇಗ ಹೊರಹಾಕುತ್ತದೆ, ಹತ್ತು ದಿನಕ್ಕೆಲ್ಲ ಅರ್ಧ ಹೋಗಿರುತ್ತದೆ. ಹೆಚ್ಚು ನೀರು ಕುಡಿಸಿದರೆ ಇನ್ನೂ ಬೇಗ. ಪರಮಾಣುವಾಗಿ ಅದರ ಅರ್ಧಾಯು 12.3 ವರ್ಷ.

ಸಮ್ಮಿಲನ ಸ್ಥಾವರದಲ್ಲಿ ಇದೇ ಟ್ರಿಷಿಯಂ ಇಂಧನ. 1,000 ಮೆಗಾವಾಟ್ ಸಮ್ಮಿಲನ ಶಕ್ತಿಗೆ ವರ್ಷಕ್ಕೆ ಸುಮಾರು 56 ಕೆಜಿ ಸುಡಬೇಕು. ಹಾಗಾಗಿ ಮೊದಲ ಪ್ರಶ್ನೆ: ಯಾವುದೇ ಕ್ಷಣದಲ್ಲಿ ಸ್ಥಾವರದೊಳಗೆ ಎಷ್ಟು ಟ್ರಿಷಿಯಂ ಕೂಡಿಬಿದ್ದಿರುತ್ತದೆ? ಇದಕ್ಕೆ ಉತ್ತರ ಹೇಳುವುದು ಒಳಗೋಡೆಯ ವಸ್ತು. ಇಂಗ್ಲೆಂಡಿನ ಕಲ್ಹಮ್‌ನಲ್ಲಿದ್ದ ಜೆಟ್ ಎಂಬ ಸಮ್ಮಿಲನ ಯಂತ್ರ 1997ರಲ್ಲಿ ಡ್ಯುಟೀರಿಯಂ-ಟ್ರಿಷಿಯಂ ಪ್ರಯೋಗ ಮಾಡಿದಾಗ ಅದರ ಒಳಗೋಡೆಗೆ ಕಾರ್ಬನ್ ಬಿಲ್ಲೆಗಳಿದ್ದವು. ಕಾವಿಗೆ ಕಾರ್ಬನ್ ಕರಗುವುದಿಲ್ಲ, ಕಾದ ಇಂಧನದ ಅನಿಲವಾದ ಪ್ಲಾಸ್ಮಾಗೂ ಅಷ್ಟಾಗಿ ಕೆಡುಕಿಲ್ಲ, ಹಾಗಾಗಿ ಎಲ್ಲರಿಗೂ ಅದು ಮೆಚ್ಚು. ಕಾರ್ಬನ್ನಿಗೂ ಹೈಡ್ರೋಜನ್ನಿಗೂ ಇರುವ ನಂಟು ಮಾತ್ರ ಬಿಡಿಸಲಾಗದ್ದು. ಸವೆದ ಕಾರ್ಬನ್ ಟ್ರಿಷಿಯಂ ಜೊತೆ ಸೇರಿ ಮೂಲೆಮೂಲೆಯಲ್ಲಿ ಪದರಪದರವಾಗಿ ಕುಳಿತಿತು. ಒಳಬಿಟ್ಟ ಟ್ರಿಷಿಯಂನ ದೊಡ್ಡ ಪಾಲು ಗೋಡೆಯಲ್ಲೇ ಸಿಕ್ಕಿಬಿತ್ತು. ಗೋಡೆ ಬದಲಿಸದೆ ಬೇರೆ ದಾರಿ ಇರಲಿಲ್ಲ. 2011ರ ಹೊತ್ತಿಗೆ ಜೆಟ್ ಕಾರ್ಬನ್ ಕಳಚಿ ಬೆರಿಲಿಯಂ ಮತ್ತು ಟಂಗ್‌ಸ್ಟನ್ ತೊಟ್ಟಿತು. ಗೋಡೆಯಲ್ಲಿ ಉಳಿಯುವ ಇಂಧನ ಹತ್ತು ಪಟ್ಟಿಗಿಂತ ಹೆಚ್ಚು ಇಳಿಯಿತು. ಅದೇ ಗೋಡೆಯೊಂದಿಗೆ 2023ರ ಅಕ್ಟೋಬರಿನಲ್ಲಿ 0.2 ಮಿಲಿಗ್ರಾಂ ಇಂಧನದಿಂದ 69 ಮೆಗಾಜೂಲ್ ಶಕ್ತಿ ತೆಗೆದು, ಆ ವರ್ಷದ ಕೊನೆಗೆ ಜೆಟ್ ಕೆಲಸ ಮುಗಿಸಿತು.

ಫ್ರಾನ್ಸಿನ ಕದರಾಶ್‌ನಲ್ಲಿ ಏಳುತ್ತಿರುವ ಐಟರ್ ಎಂಬ ಅಂತರರಾಷ್ಟ್ರೀಯ ಸಮ್ಮಿಲನ ಯಂತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬೆರಿಲಿಯಂ ದೂಳು ಶ್ವಾಸಕೋಶಕ್ಕೆ ವಿಷ. ವರ್ಷಗಟ್ಟಲೆ ಅದರ ನಡುವೆ ಕೆಲಸ ಮಾಡುವವರ ಪಾಡು ನೆನೆದರೆ ಅದು ಸಣ್ಣ ಸಂಗತಿಯಲ್ಲ. 2023ರಲ್ಲಿ ಐಟರ್ ಬೆರಿಲಿಯಂ ಕೈಬಿಟ್ಟು ಒಳಗೋಡೆ ಪೂರ್ತಿ ಟಂಗ್‌ಸ್ಟನ್ ಎಂದು ಗೊತ್ತುಮಾಡಿತು. ಪ್ಲಾಸ್ಮಾ ಇರುವ ಪಾತ್ರೆಯೊಳಗೆ ಒಟ್ಟು ಟ್ರಿಷಿಯಂ 1 ಕೆಜಿ ಮೀರಕೂಡದು ಎಂಬ ಮಿತಿಯೂ ಅಲ್ಲಿದೆ.

ಇನ್ನು ಉಕ್ಕು. ಸ್ಟೇನ್‌ಲೆಸ್ ಉಕ್ಕನ್ನು ಗಟ್ಟಿಮಾಡಲು ಕಬ್ಬಿಣದ ಕೆಲಸದವರು ತಲೆಮಾರುಗಳಿಂದ ನಿಕಲ್, ಮಾಲಿಬ್ಡಿನಂ, ನಿಯೋಬಿಯಂ ಬೆರೆಸುತ್ತಾ ಬಂದಿದ್ದಾರೆ. ಬಾಯ್ಲರಿಗೆ, ಪೈಪಿಗೆ ಇವು ಉತ್ತಮ. ನ್ಯೂಟ್ರಾನ್ ಬಡಿಯುವ ಜಾಗದಲ್ಲಿ ಇವೇ ಪೀಡೆ. ನಿಯೋಬಿಯಂ ಒಂದು ನ್ಯೂಟ್ರಾನ್ ನುಂಗಿದರೆ ನಿಯೋಬಿಯಂ-94 ಆಗುತ್ತದೆ: ಅರ್ಧಾಯು ಸುಮಾರು 20,000 ವರ್ಷ, ಹೊರಸೂಸುವುದು ಗಾಮಾ ಕಿರಣ. ಮಾಲಿಬ್ಡಿನಂನಿಂದ 2 ಲಕ್ಷ ವರ್ಷ ಅರ್ಧಾಯುವಿನ ಟೆಕ್ನೀಷಿಯಂ-99 ಹುಟ್ಟುತ್ತದೆ. ನಿಕಲ್‌ನಿಂದ 76,000 ವರ್ಷದ ನಿಕಲ್-59. ಉಕ್ಕಿನ ಕಚ್ಚಾವಸ್ತುಗಳ ಜೊತೆ ಕರೆಯದೆ ಬರುವ ಕೋಬಾಲ್ಟ್ ತಾನು ಕೋಬಾಲ್ಟ್-60 ಆಗಿ, 5.27 ವರ್ಷ ಅರ್ಧಾಯುವಿನೊಂದಿಗೆ, ದುರಸ್ತಿಗೆ ಬಂದವರ ಮೈಮೇಲೆ ತೀವ್ರ ಗಾಮಾ ಸುರಿಸುತ್ತದೆ. ಶುದ್ಧ ಕಬ್ಬಿಣ ಇವುಗಳ ಮುಂದೆ ಸಾಧು. ಅದರಿಂದ ಹುಟ್ಟುವ ಕಬ್ಬಿಣ-55ರ ಅರ್ಧಾಯು 2.7 ವರ್ಷ, ಮ್ಯಾಂಗನೀಸ್-54ರದ್ದು 312 ದಿನ.

ಲೋಹಶಾಸ್ತ್ರಜ್ಞರು ಇಲ್ಲಿ ಮಾಡಿದ ಕೆಲಸ ಮೆಚ್ಚುವಂಥದ್ದು. ಮಾಲಿಬ್ಡಿನಂ ಮಾಡುತ್ತಿದ್ದ ಕೆಲಸಕ್ಕೆ ಟಂಗ್‌ಸ್ಟನ್ ತಂದರು, ನಿಯೋಬಿಯಂ ಜಾಗಕ್ಕೆ ಟ್ಯಾಂಟಲಂ, ನಿಕಲ್ ಇಲ್ಲದಂತೆ ಮಾಡಿದರು. ಯೂರೋಪಿನ ಯೂರೋಫರ್-97, ಜಪಾನಿನ ಎಫ್82ಎಚ್ ಹುಟ್ಟಿದ್ದು ಹೀಗೆ. ಭಾರತವೂ ತನ್ನದೇ ಉಕ್ಕು ಮಾಡಿಕೊಂಡಿದೆ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ, ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರ, ಹೈದರಾಬಾದಿನ ಮಿಧಾನಿ ಕೂಡಿ ರೂಪಿಸಿದ ಈ ಉಕ್ಕಿನಲ್ಲಿ ಶೇಕಡ 9 ಕ್ರೋಮಿಯಂ, 1.4 ಟಂಗ್‌ಸ್ಟನ್, 0.06 ಟ್ಯಾಂಟಲಂ. ಟಂಗ್‌ಸ್ಟನ್, ಟ್ಯಾಂಟಲಂಗಳ ಪ್ರಮಾಣವನ್ನು ಹಲವು ಬಗೆಯಲ್ಲಿ ಬದಲಿಸಿ, ಕಾವಿನಲ್ಲಿ ಎಳೆದು, ದಣಿಸಿ ನೋಡಿದ ಮೇಲೆ ಗೊತ್ತುಮಾಡಿದ ಪಾಕ ಅದು.

ಪಾಕ ಬರೆಯುವುದು ಸುಲಭ, ಕರಗಿಸುವುದು ಕಷ್ಟ. ಬೇಡವಾದ ನಿಯೋಬಿಯಂ ಹತ್ತು ಲಕ್ಷ ಭಾಗದಲ್ಲಿ ಹತ್ತಾರು ಭಾಗ ಮೀರಿದರೂ ಶ್ರಮವೆಲ್ಲ ವ್ಯರ್ಥ. ಮಾಮೂಲಿ ಉಕ್ಕಿನ ಕುಲುಮೆಗೆ ಗುಜರಿ ಹಾಕುತ್ತಾರೆ. ಆ ಗುಜರಿಯೊಳಗೆ ಹಳೆಯ ಕಾರಿನ ಭಾಗ, ಕತ್ತರಿಸುವ ಉಳಿ, ಪೈಪು, ಅವುಗಳೊಳಗೆ ಕೋಬಾಲ್ಟ್, ನಿಯೋಬಿಯಂ. ಸಮ್ಮಿಲನದ ಉಕ್ಕಿಗೆ ಆರಿಸಿದ ಶುದ್ಧ ಕಚ್ಚಾವಸ್ತು ಬೇಕು, ನಿರ್ವಾತದಲ್ಲಿ ಕರಗಿಸಿ ಮತ್ತೆ ನಿರ್ವಾತದಲ್ಲೇ ಇನ್ನೊಮ್ಮೆ ಕರಗಿಸಬೇಕು. ಇಲ್ಲಿನ ಗುರಿ ಸ್ಪಷ್ಟ: ಸ್ಥಾವರ ಮುಚ್ಚಿ ಸುಮಾರು 100 ವರ್ಷ ಕಾದರೆ ಗೋಡೆಯ ಉಕ್ಕು ಮತ್ತೆ ಕರಗಿಸಿ ಬಳಸುವಷ್ಟು ತಣ್ಣಗಾಗಬೇಕು. ಹತ್ತಾರು ಸಾವಿರ ವರ್ಷ ಕಾಯಬೇಕಾದ ಸಮಾಧಿ ಒಂದು ಕಡೆ, ಮೊಮ್ಮಕ್ಕಳ ಕಾಲಕ್ಕೆ ಮುಗಿಯುವ ಕೆಲಸ ಇನ್ನೊಂದು ಕಡೆ. ನಡುವೆ ಇರುವುದು ಚಿಟಿಕೆ ನಿಯೋಬಿಯಂ.

ವಿಚಿತ್ರವೆಂದರೆ ಅದೇ ನಿಯೋಬಿಯಂ ಇಲ್ಲದೆ ಐಟರ್ ನಡೆಯದು. ಪ್ಲಾಸ್ಮಾವನ್ನು ಹಿಡಿದಿಡುವ ಅತಿವಾಹಕ ಕಾಂತಗಳಿಗೆ ನಿಯೋಬಿಯಂ ಮತ್ತು ತವರದ ತಂತಿ 500 ಟನ್‌ಗೂ ಹೆಚ್ಚು ಬೇಕಾಯಿತು. ಹಾಗಾಗಿ ಆ ಕಾಂತಗಳವರೆಗೆ ನ್ಯೂಟ್ರಾನ್ ತಲುಪದಂತೆ ನಡುವೆ ತಡೆ ಹಾಕಬೇಕು. ಆ ತಡೆ ಮಾಡಿದ್ದು ಬೆಂಗಳೂರಿನಲ್ಲಿ.

ಐಟರ್‌ನ ನಿರ್ವಾತ ಪಾತ್ರೆ 19.4 ಮೀಟರ್ ಅಗಲ, 11.4 ಮೀಟರ್ ಎತ್ತರ, ಉಕ್ಕಿನ ಎರಡು ಗೋಡೆಯದ್ದು. ಎರಡು ಗೋಡೆಗಳ ನಡುವಣ ತೆರವಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜಾಗವನ್ನು ಉಕ್ಕಿನ ದಿಮ್ಮಿಗಳು ತುಂಬುತ್ತವೆ, ಉಳಿದೆಡೆ ನೀರು ಹರಿಯುತ್ತದೆ. ಸುಮಾರು 9,000 ದಿಮ್ಮಿಗಳು. ಐಟರ್‌ನ ಏಳು ಪಾಲುದಾರರಲ್ಲಿ ಒಂದಾದ ಭಾರತ ಇವುಗಳ ಹೊಣೆ ಹೊತ್ತಿತು. ತಯಾರಿಸಿದ್ದು ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್. ಅಲ್ಲಿಂದ ಹೊರಟ ದಿಮ್ಮಿಗಳು ಪಾತ್ರೆಯ ಭಾಗಗಳನ್ನು ಕಟ್ಟುತ್ತಿದ್ದ ದಕ್ಷಿಣ ಕೊರಿಯಾಕ್ಕೂ ಯೂರೋಪಿಗೂ ಹೋದವು.

ಈ ದಿಮ್ಮಿಗಳ ಉಕ್ಕಿನಲ್ಲಿ ಬಹುಪಾಲಿಗೆ ಬೋರಾನ್ ಬೆರೆಸಿದೆ, ಶೇಕಡ 1ರಿಂದ 2ರಷ್ಟು. ನೀರು ಮತ್ತು ಬೋರಾನ್ ಸೇರಿ ಕೆಲಸ ಹಂಚಿಕೊಳ್ಳುತ್ತವೆ. ಗೋಲಿಯಾಟದಲ್ಲಿ ಸಮತೂಕದ ಗೋಲಿಗೆ ನೇರ ಹೊಡೆದ ಗೋಲಿ ತಾನು ನಿಂತು ಎದುರಿನದನ್ನು ಓಡಿಸುತ್ತದೆ. ನೀರಿನ ಹೈಡ್ರೋಜನ್ನಿಗೆ ನ್ಯೂಟ್ರಾನ್‌ನಷ್ಟೇ ತೂಕ ಇರುವುದರಿಂದ ವೇಗ ತಗ್ಗಿಸುವ ಕೆಲಸ ನೀರಿನದು. ವೇಗ ಕಳೆದುಕೊಂಡ ನ್ಯೂಟ್ರಾನನ್ನು ಬೋರಾನ್-10 ನುಂಗಿ ಲಿಥಿಯಂ ಮತ್ತು ಹೀಲಿಯಂ ಆಗಿ ಒಡೆಯುತ್ತದೆ. ಎರಡೂ ನಿರಪಾಯ. ಅದೇ ನ್ಯೂಟ್ರಾನನ್ನು ಉಕ್ಕಿನೊಳಗಿನ ಕೋಬಾಲ್ಟ್ ನುಂಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಬೋರಾನ್ ಹೆಚ್ಚಿದಷ್ಟೂ ಉಕ್ಕು ಪೆಡಸು, ಬಾಗದೆ ಸೀಳುತ್ತದೆ. ಅಂಥ ಉಕ್ಕನ್ನು ಪಾತ್ರೆಯ ಬಾಗಿದ ಮೈಗೆ ಹೊಂದುವಂತೆ ಸಾವಿರಾರು ಬೇರೆಬೇರೆ ಆಕಾರಗಳಲ್ಲಿ ಕೊಯ್ದು, ಕೊರೆದು, ಜೋಡಿಸಿದ ಯಂತ್ರಶಾಲೆಯ ಕೈಗಳ ಬಗ್ಗೆ ಕರ್ನಾಟಕದಲ್ಲಿ ಮಾತು ತೀರಾ ಕಡಿಮೆ. ಒಂದು ಉಪಗ್ರಹ ಹಾರಿದರೆ ಊರೂರಿನಲ್ಲಿ ಸಿಹಿ ಹಂಚುತ್ತಾರೆ. ಈ ದಿಮ್ಮಿಗಳಿಗೂ ಅಷ್ಟೇ ಗೌರವ ಸಲ್ಲಬೇಕು.

ನ್ಯೂಟ್ರಾನೇ ಇಲ್ಲದ ಇಂಧನ ಬಳಸಿದರೆ ಈ ಪಾಡೆಲ್ಲ ಏಕೆ ಎಂಬ ಪ್ರಶ್ನೆ ಸಹಜ. ಅಂಥ ಒಂದು ಇಂಧನದ ಹೆಸರು ಚಂದ್ರನೊಂದಿಗೆ ತಳಕುಹಾಕಿಕೊಂಡಿದೆ. ಬೆಂಗಳೂರಿಗೆ ಹತ್ತಿರದ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಇದೆ. 2008ರಲ್ಲಿ ಚಂದ್ರಯಾನ-1ರ ಮಾತು ಕೇಳಲು ನಿಲ್ಲಿಸಿದ್ದು. ಆ ದಿನಗಳಲ್ಲಿ ಪತ್ರಿಕೆಗಳ ತುಂಬ ಚಂದ್ರನ ಹೀಲಿಯಂ-3ರ ಮಾತು. ಡ್ಯುಟೀರಿಯಂ ಮತ್ತು ಹೀಲಿಯಂ-3 ಕೂಡಿದರೆ 18.3 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಸಿಗುತ್ತದೆ, ಹುಟ್ಟುವುದು ಪ್ರೋಟಾನ್ ಮತ್ತು ಹೀಲಿಯಂ ಮಾತ್ರ. ಆದರೆ ಡ್ಯುಟೀರಿಯಂ ತನ್ನೊಂದಿಗೆ ತಾನೂ ಕೂಡುತ್ತದೆ, ಆಗ ನ್ಯೂಟ್ರಾನ್ ಬರುತ್ತದೆ, ಸ್ವಲ್ಪ ಟ್ರಿಷಿಯಂ ಕೂಡ. ವಿಕಿರಣ ಬಹಳಷ್ಟು ಇಳಿಯುತ್ತದೆ, ಸೊನ್ನೆಯಾಗದು. ಕಾವೂ ಹಲವು ಪಟ್ಟು ಹೆಚ್ಚು ಬೇಕು. ಚಂದ್ರನ ಮಣ್ಣಿನಲ್ಲಿ ಹೀಲಿಯಂ-3 ಇರುವುದು ನೂರು ಕೋಟಿ ಭಾಗದಲ್ಲಿ ಹತ್ತಾರು ಭಾಗದೊಳಗೆ. ಒಂದು ಕೆಜಿಗೆ ಲಕ್ಷ ಟನ್ ಲೆಕ್ಕದಲ್ಲಿ ಮಣ್ಣು ಕಾಸಬೇಕು. ಈ ಶತಮಾನದ ವಿದ್ಯುತ್ತಿನ ಲೆಕ್ಕಕ್ಕೆ ಅದನ್ನು ಹಿಡಿಯುವುದು ಸರಿಯಲ್ಲ.

ಇನ್ನೊಂದು ಇಂಧನ ಭೂಮಿಯಲ್ಲೇ ಇದೆ: ಮಾಮೂಲಿ ಹೈಡ್ರೋಜನ್ ಮತ್ತು ಬೋರಾನ್-11. ದಿಮ್ಮಿಯಲ್ಲಿ ಕಾವಲು ಕಾಯುವುದು ಬೋರಾನ್-10 ಆದರೆ ಇಂಧನವಾಗುವುದು ಅದರ ಅಣ್ಣ. ಮೂರು ಹೀಲಿಯಂ ಬೀಜಗಳು ಹುಟ್ಟುತ್ತವೆ, 8.7 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಪಕ್ಕದ ಪ್ರತಿಕ್ರಿಯೆಗಳಿಂದ ಬರುವ ನ್ಯೂಟ್ರಾನ್ ಶೇಕಡ 1ಕ್ಕಿಂತ ಕಡಿಮೆ. ಜಪಾನಿನ ತೋಕಿಯ ದೊಡ್ಡ ಹೀಲಿಕಲ್ ಯಂತ್ರದಲ್ಲಿ ಈ ಕೂಡುವಿಕೆಯನ್ನು ಕಾಂತದಲ್ಲಿ ಹಿಡಿದಿಟ್ಟ ಪ್ಲಾಸ್ಮಾದೊಳಗೆ ಮೊದಲ ಬಾರಿಗೆ ಅಳೆದ ವರದಿ 2023ರಲ್ಲಿ ಬಂತು. ತೊಡಕು ಕಾವಿನದು. 100 ಕೋಟಿ ಡಿಗ್ರಿ ಮೀರಬೇಕು, ಅಷ್ಟು ಕಾವಿನಲ್ಲಿ ಪ್ಲಾಸ್ಮಾ ತನ್ನ ಶಕ್ತಿಯನ್ನು ಎಕ್ಸ್-ಕಿರಣವಾಗಿ ಚೆಲ್ಲಿಬಿಡುತ್ತದೆ. ಸಂಶೋಧನೆ ನಡೆಯಲಿ, ನಡೆಯಬೇಕು. ಮೊದಲು ವಿದ್ಯುತ್ ಕೊಡುವ ಸ್ಥಾವರಗಳು ಡ್ಯುಟೀರಿಯಂ-ಟ್ರಿಷಿಯಂ ಇಂಧನದವೇ ಆಗಿರುತ್ತವೆ ಎಂದು ನಂಬಲು ಎಲ್ಲ ಕಾರಣಗಳೂ ಇವೆ. ಹಾಗಾಗಿ ಮಾತು ಮತ್ತೆ ವಸ್ತುಗಳಿಗೇ ಬರುತ್ತದೆ.

ಟ್ರಿಷಿಯಂ ನಿಸರ್ಗದಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಸ್ಥಾವರದ ನ್ಯೂಟ್ರಾನ್‌ಗಳಿಂದಲೇ ಅದನ್ನು ಬೆಳೆಯಬೇಕು, ಬೆಳೆಯುವ ಹೊಲ ಲಿಥಿಯಂ. ಚನ್ನಪಟ್ಟಣ ದಾಟಿ ಮೈಸೂರಿನ ಕಡೆಗೆ ಹೋದರೆ ಮಂಡ್ಯ ಜಿಲ್ಲೆಯ ಮರಳಗಾಲ ಮತ್ತು ಅಲ್ಲಾಪಟ್ಟಣದ ಸುತ್ತ ಪರಮಾಣು ಖನಿಜ ನಿರ್ದೇಶನಾಲಯ ಲಿಥಿಯಂ ಇರುವ ಶಿಲೆ ಗುರುತಿಸಿದೆ. 2021ರಲ್ಲಿ ಸಂಸತ್ತಿಗೆ ಕೊಟ್ಟ ಅಂದಾಜು 1,600 ಟನ್. ಬ್ಯಾಟರಿಯ ಲೆಕ್ಕಕ್ಕೆ ಇದು ಬಹಳ ಸಣ್ಣದು. ಸಮ್ಮಿಲನದ ಲೆಕ್ಕ ಬೇರೆ. ನಿಸರ್ಗದ ಲಿಥಿಯಂನಲ್ಲಿ ಶೇಕಡ 7.5ರಷ್ಟಿರುವ ಲಿಥಿಯಂ-6 ನ್ಯೂಟ್ರಾನ್ ನುಂಗಿ ಟ್ರಿಷಿಯಂ ಕೊಡುತ್ತದೆ. 1,000 ಮೆಗಾವಾಟಿಗೆ ವರ್ಷಕ್ಕೆ ಬೇಕಾದ ಆ 56 ಕೆಜಿ ಟ್ರಿಷಿಯಂ ಬೆಳೆಯಲು 112 ಕೆಜಿ ಲಿಥಿಯಂ-6 ಸಾಕು, ಎಂದರೆ ಸುಮಾರು ಎರಡು ಟನ್ ಮಾಮೂಲಿ ಲಿಥಿಯಂನೊಳಗಿರುವಷ್ಟು. ಗೋಡೆಯ ಹಿಂದೆ ಒಮ್ಮೆ ತುಂಬಬೇಕಾದ ಮೂಲ ಸಂಗ್ರಹ ಇದಕ್ಕಿಂತ ಬಹಳ ದೊಡ್ಡದು ಎಂಬುದನ್ನೂ ಸೇರಿಸಿ ಹೇಳಬೇಕು.

ಲಿಥಿಯಂ ಜೊತೆ ಏನು ಬೆರೆಸಬೇಕು ಎಂಬುದರಲ್ಲೂ ಅಪಾಯದ ಲೆಕ್ಕ ಇದೆ. ಭಾರತ ಐಟರ್‌ಗಾಗಿ ರೂಪಿಸಿದ ಪರೀಕ್ಷಾ ಘಟಕದಲ್ಲಿ ಕರಗಿದ ಸೀಸ-ಲಿಥಿಯಂ ಮಿಶ್ರಣ ಮತ್ತು ಲಿಥಿಯಂ ಟೈಟನೇಟ್ ಗುಂಡುಗಳು ಎರಡನ್ನೂ ಇಟ್ಟುಕೊಂಡಿದೆ. ಸೀಸ ಒಂದು ನ್ಯೂಟ್ರಾನನ್ನು ಎರಡು ಮಾಡುತ್ತದೆ, ಅದು ಬೇಕೇಬೇಕು. ಅದೇ ಸೀಸದಿಂದ ಸ್ವಲ್ಪ ಬಿಸ್ಮತ್ ಹುಟ್ಟಿ, ಬಿಸ್ಮತ್ ಮತ್ತೊಂದು ನ್ಯೂಟ್ರಾನ್ ನುಂಗಿ, 138 ದಿನ ಅರ್ಧಾಯುವಿನ ಪೊಲೋನಿಯಂ-210 ಆಗುತ್ತದೆ. ಉಸಿರಿನೊಂದಿಗೆ ಒಳಸೇರಿದರೆ ಅತಿ ವಿಷಕಾರಿ ಧಾತುಗಳಲ್ಲಿ ಅದೂ ಒಂದು. ಇದಕ್ಕೆ ಪರಿಹಾರ ಹರಿಯುವ ಸೀಸದಿಂದ ಬಿಸ್ಮತ್ ಅನ್ನು ಆಗಾಗ ತೆಗೆಯುತ್ತಿರುವುದು. ಎಂದರೆ ಇಲ್ಲೂ ಬೆರಕೆಯನ್ನು ಕಾಯುವ ಕೆಲಸವೇ.

ಮುಗಿಯದ ತೊಡಕುಗಳು ಇವೆ, ಮುಚ್ಚಿಟ್ಟರೆ ಕೇಳುವವರಿಗೆ ಮೋಸ. ಟಂಗ್‌ಸ್ಟನ್ ಬೇಗ ತಣ್ಣಗಾದರೂ ಸ್ಥಾವರ ನಿಂತ ಮೊದಲ ದಿನಗಳಲ್ಲಿ ಜೋರಾಗಿ ಕಾಯುತ್ತದೆ. ಆಗ ತಂಪುನೀರು ತಪ್ಪಿ ಗಾಳಿಯೋ ಹಬೆಯೋ ಒಳಹೊಕ್ಕರೆ ಕೆಂಪಾದ ಟಂಗ್‌ಸ್ಟನ್ ಆಕ್ಸೈಡಾಗಿ ಹಾರಿಹೋಗಬಲ್ಲುದು, ವಿಕಿರಣವನ್ನೂ ಹೊತ್ತು. ಇದಕ್ಕೆಂದೇ ಕ್ರೋಮಿಯಂ ಮತ್ತು ಯಿಟ್ರಿಯಂ ಬೆರೆಸಿ, ಕಾದಾಗ ಮೈಮೇಲೆ ತಾನೇ ರಕ್ಷಾಪದರ ಹಾಕಿಕೊಳ್ಳುವ ಟಂಗ್‌ಸ್ಟನ್ ಮಿಶ್ರಲೋಹಗಳ ಪ್ರಯತ್ನ ಜರ್ಮನಿಯಲ್ಲಿ ನಡೆದಿದೆ. ಉಕ್ಕಿಗೆ ಬಲ ಕೊಡಲು ಬೆರೆಸುವ ನೈಟ್ರೋಜನ್ ನ್ಯೂಟ್ರಾನ್ ತಾಗಿ 5,730 ವರ್ಷ ಅರ್ಧಾಯುವಿನ ಕಾರ್ಬನ್-14 ಆಗುತ್ತದೆ. ನೂರು ವರ್ಷದ ಗುರಿಗೆ ಅದು ಅಡ್ಡ. ಸಿಲಿಕಾನ್ ಕಾರ್ಬೈಡ್ ಬಳಸೋಣವೆಂದರೆ ಮೊದಲ ನೂರು ವರ್ಷ ಚೆನ್ನ, ಆಮೇಲೆ ಸಿಲಿಕಾನ್‌ನಿಂದ ಹುಟ್ಟಿದ ಅಲ್ಯೂಮಿನಿಯಂ-26 ಅಲ್ಪ ಪ್ರಮಾಣದಲ್ಲಿ 7 ಲಕ್ಷ ವರ್ಷದ ಅರ್ಧಾಯು ಹೊತ್ತು ಉಳಿಯುತ್ತದೆ. ಕಸದ ತೀವ್ರತೆ ಕಡಿಮೆಯಾದರೂ ಅದರ ರಾಶಿ ಚಿಕ್ಕದಲ್ಲ. ಸ್ಥಾವರದ ಒಳಭಾಗವನ್ನು ಕೆಲವು ವರ್ಷಕ್ಕೊಮ್ಮೆ ಕಳಚಿ ಹೊಸದು ಕೂರಿಸಬೇಕಾಗುತ್ತದೆ.

ಕಾನೂನುಗಳು ಈಗ ಈ ವ್ಯತ್ಯಾಸವನ್ನು ಗುರುತಿಸತೊಡಗಿವೆ. 2023ರಲ್ಲಿ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ಸಮ್ಮಿಲನ ಯಂತ್ರಗಳನ್ನು ವಿದಳನ ರಿಯಾಕ್ಟರುಗಳಿಂದ ಬೇರೆ ಮಾಡಿ ನೋಡಲು ನಿರ್ಧರಿಸಿತು. ಬ್ರಿಟನ್ನೂ ಅದೇ ವರ್ಷದ ಇಂಧನ ಕಾಯಿದೆಯಲ್ಲಿ ಅಂಥದೇ ದಾರಿ ಹಿಡಿಯಿತು. ಭಾರತದಲ್ಲಿ ಈ ಚರ್ಚೆ ತಜ್ಞರ ಕೊಠಡಿ ದಾಟಿ ಜನರ ನಡುವೆ ಬರಬೇಕು. ಬಂದಾಗ ಕೇಳಬೇಕಾದ ಪ್ರಶ್ನೆಗಳು ತೀರಾ ಸರಳ: ಗೋಡೆಯ ಉಕ್ಕಿನಲ್ಲಿ ನಿಯೋಬಿಯಂ ಎಷ್ಟು, ಕೋಬಾಲ್ಟ್ ಎಷ್ಟು, ನೈಟ್ರೋಜನ್ ಎಷ್ಟು, ಪಾತ್ರೆಯೊಳಗೆ ಟ್ರಿಷಿಯಂ ಎಷ್ಟು. ಟೆಂಡರಿನ ಕಾಗದದಲ್ಲೇ ಇವಕ್ಕೆ ಅಂಕಿ ಇರಬೇಕು, ಬಂದ ಉಕ್ಕಿನ ಪ್ರತಿ ಕರಗಿನ ಪರೀಕ್ಷಾ ಪತ್ರವನ್ನು ಯಾರು ಕೇಳಿದರೂ ತೋರಿಸುವಂತಿರಬೇಕು.

ಇದರ ಜೊತೆಗೆ ಒಂದು ಪರೀಕ್ಷೆ ಬಾಕಿ ಇದೆ. 14 ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನ ನ್ಯೂಟ್ರಾನ್ ವರ್ಷಗಟ್ಟಲೆ ಬಡಿದಾಗ ಶೇಕಡ 9 ಕ್ರೋಮಿಯಂ ಉಕ್ಕು ಏನಾಗುತ್ತದೆ ಎಂದು ಅಷ್ಟು ತೀವ್ರತೆಯಲ್ಲಿ ಯಾರೂ ಇನ್ನೂ ನೋಡಿಲ್ಲ. ಇರುವ ತಿಳಿವಳಿಕೆಯ ಬಹುಪಾಲು ವಿದಳನ ರಿಯಾಕ್ಟರುಗಳಲ್ಲಿ ಇಟ್ಟು ತೆಗೆದ ಮಾದರಿಗಳಿಂದ ಬಂದದ್ದು. ಉಕ್ಕಿನೊಳಗೆ ಹುಟ್ಟುವ ಹೀಲಿಯಂ ಗುಳ್ಳೆಗಳ ಪ್ರಮಾಣ ಅಲ್ಲಿ ಬೇರೆ, ಇಲ್ಲಿ ಬೇರೆ. ಆ ಕೊರತೆ ನೀಗಲು ಸ್ಪೇನಿನ ಗ್ರಾನಾಡಾ ಬಳಿ ಡೋನ್ಸ್ ಎಂಬ ನ್ಯೂಟ್ರಾನ್ ಮೂಲ ಏಳುತ್ತಿದೆ. ಅಲ್ಲಿ ಡ್ಯುಟೀರಿಯಂ ಕಣಗಳ ಧಾರೆಯನ್ನು ಹರಿಯುವ ಲಿಥಿಯಂ ಮೇಲೆ ಹಾಯಿಸಿ, ಹುಟ್ಟುವ ನ್ಯೂಟ್ರಾನ್‌ಗಳ ಎದುರು ಉಕ್ಕಿನ ತುಣುಕುಗಳನ್ನು ಇಡುತ್ತಾರೆ. ಐಟರ್ 2034ರಲ್ಲಿ ಸಂಶೋಧನಾ ಹಂತ ಶುರುಮಾಡಿ, 2039ರಲ್ಲಿ ಡ್ಯುಟೀರಿಯಂ-ಟ್ರಿಷಿಯಂ ಹೊತ್ತಿಸುವ ಯೋಜನೆ ಹಾಕಿಕೊಂಡಿದೆ. ಹೈದರಾಬಾದಿನಲ್ಲಿ ಕರಗಿಸಿದ ಉಕ್ಕಿನ ಮಾದರಿಗಳು ಅದಕ್ಕೆ ಮೊದಲೇ ಇಂಥ ನ್ಯೂಟ್ರಾನ್‌ಗಳ ಮುಂದೆ ಕುಳಿತು ಬರುವಂತೆ ಭಾರತ ಈಗಿನಿಂದಲೇ ಜಾಗ ಗೊತ್ತುಮಾಡಿಕೊಳ್ಳಬೇಕು.